ಮೂರನೆಯ ಕೇಬಲ್

2003ನೇ ಇಸವಿ. ಮೂಡಿಗೆರೆಯಲ್ಲಿ ನನ್ನದೊಂದು ಟಿ.ವಿ. ರಿಪೇರಿ ಅಂಗಡಿ. ಎಸ್ಟೇಟ್ ಬಂಗಲೆಗಳಲ್ಲಿ ಹೋಂ ಥಿಯೇಟರ್ ಹಾಕಿಸುವ ಉಮೇದು ಆಗಷ್ಟೇ ಶುರುವಾಗಿತ್ತು. ನಾನೂ ಅಂಗಡಿಯ ಬೋರ್ಡಿಗೆ ಒಂದು ಸಾಲು ಸೇರಿಸಿ ತಜ್ಞನಾದೆ. ತಜ್ಞನಿಗಿರಬೇಕಾದ ಧೈರ್ಯ ಮಾತ್ರ ಬರಲಿಲ್ಲ. ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋದವನು ವಾಪಸ್ಸು ಬಂದು ಬೀಗ ಜಗ್ಗಿ ನೋಡುವ ಜಾತಿ ನನ್ನದು. ಈ ಸ್ವಭಾವಕ್ಕೆ ಪ್ರಾಮಾಣಿಕತೆ ಎಂದು ನಾನೇ ಹೆಸರಿಟ್ಟುಕೊಂಡಿದ್ದೆ.

ಜನವರಿಯಲ್ಲಿ ಬಣಕಲ್ ಹತ್ತಿರದ ಎಸ್ಟೇಟಿನ ಈರೇಗೌಡರು ಹೇಳಿಕಳಿಸಿದರು. ವಯಸ್ಸು ಅರವತ್ತು ದಾಟಿತ್ತು. ಸಕ್ಕರೆ ಕಾಯಿಲೆ ಬಿಟ್ಟರೆ ಗಟ್ಟಿ ಆಳು. ಅವರ ಕಣ್ಣಿನ ಬಗ್ಗೆ ಸುತ್ತಲ ತೋಟಗಳಲ್ಲೆಲ್ಲ ಮಾತಿತ್ತು. ಕಣದಲ್ಲಿ ಒಣಹಾಕಿದ ಕಾಫಿಯ ನಡುವೆ ಒಂದೇ ಒಂದು ಕಪ್ಪು ಬೀಜವಿದ್ದರೂ ನಿಂತಲ್ಲಿಂದಲೇ ಬೆರಳು ತೋರಿಸುತ್ತಿದ್ದರು. ಅಂಥವರ ಮನೆಯಲ್ಲಿ ಚಿತ್ರ ತೋರಿಸುವ ಕೆಲಸ ಎಂದಾಗಲೇ ಸಾಮಾನಿನ ಚೀಲವನ್ನು ಎರಡೆರಡು ಸಲ ಬಿಚ್ಚಿ ನೋಡಿಕೊಂಡು ಹೊರಟೆ.

ಡಿವಿಡಿ ಪ್ಲೇಯರ್ ಆಫೀಸ್ ರೂಮಿನ ಬೀರುವಿನಲ್ಲಿ, ಪ್ರೊಜೆಕ್ಟರ್ ಹಾಲಿನ ತೊಲೆಗೆ. ಗೋಡೆ ಬಳಸಿ ಹೋದರೆ ನಡುವೆ ಇಪ್ಪತ್ತಾರು ಮೀಟರ್. ನಾನು ಎಳೆದದ್ದು ಅಂಗಡಿಯಲ್ಲಿ ಬಿದ್ದಿದ್ದ ತೆಳು ವೈರ್. ಎರಡು ಮೂರು ಮೀಟರಿಗೆ ಅದು ಸಾಕು, ಇಪ್ಪತ್ತಾರಕ್ಕೆ ಸಾಲದು. ಕೇಬಲ್ ಉದ್ದವಾದಷ್ಟೂ ಚಿತ್ರದಲ್ಲಿ ಸಣ್ಣ ವಿವರಗಳು ಮೊದಲು ಸಾಯುತ್ತವೆ. ರೆಪ್ಪೆ, ಸೀರೆಯಂಚು ಎಲ್ಲ ಹೋಗಿ ಮೇಣದಂಥ ಮುಖ ಉಳಿಯುತ್ತದೆ.

"ಎಂಥ ಮಾರಾಯ ಇದು, ಮಂಜಿನೊಳಗೆ ಕೂತು ನೋಡ್ದಂಗೆ ಆಗ್ತದಲ್ಲ!" ಎಂದರು ಗೌಡರು.

ತಪ್ಪು ನನ್ನದೇ. ಮುಂದಿನ ವಾರ ಅದನ್ನು ಕಿತ್ತು ಆರ್‌ಜಿ-6 ಹಾಕಿದೆ. ಎಪ್ಪತ್ತೈದು ಓಮಿನ ದಪ್ಪ ಕೋಆಕ್ಸಿಯಲ್ ಕೇಬಲ್. ನಡುವೆ ಗಟ್ಟಿ ತಾಮ್ರದ ತಂತಿ, ಸುತ್ತ ಹೆಣೆದ ಲೋಹದ ಕವಚ. ಚಿತ್ರ ನಿಚ್ಚಳವಾಯಿತು. ನನಗೆ ನಿಚ್ಚಳವಾಯಿತು ಎನ್ನಬೇಕು. ಗೌಡರು ತಲೆಯಾಡಿಸಿದರು. "ವಾಸಿ. ಆದ್ರೆ ಯಾರ ಮುಖ ನೋಡಕ್ಕೆ ಹೋದ್ರೂ ಆ ಮುಖದ ಮೇಲೇ ಮಂಜು."

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಪ್ಯಾಟರ್ನ್ ಜನರೇಟರ್ ಹೊತ್ತುಕೊಂಡು ಹೋದೆ. ಪರದೆಯ ಮೇಲೆ ಬರೀ ಬಿಳಿ ಚೌಕುಳಿ ಗೆರೆ ಮೂಡಿಸುವ ಪೆಟ್ಟಿಗೆ ಅದು. ದೋಷ ಎಲ್ಲಿದೆಯೆಂದು ಕಾಣಲು ಬಳಸುತ್ತೇವೆ. ಹಾಲಿನಲ್ಲಿ ಗೌಡರು, ಅವರ ಹೆಂಡತಿ ಸಾವಿತ್ರಮ್ಮ, ತೋಟದ ಲೆಕ್ಕ ನೋಡುವ ರೈಟರ್ ಜಯಣ್ಣ.

"ನೋಡು, ನಡುವಿನ ಗೆರೆ ಬಾಗಿದೆ. ನೀರಲ್ಲಿಟ್ಟ ಕೋಲಿನಂಗೆ," ಎಂದರು ಗೌಡರು. "ಕಾಣ್ತದಲ್ವಾ?"

ಗೆರೆ ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗಿತ್ತು.

"ಹೌದು ಗೌಡ್ರೇ, ಒಂಚೂರು ಸೊಟ್ಟ," ಎಂದ ಜಯಣ್ಣ.

"ಅವರಿಗೆ ಕಂಡ್ರೆ ಇರ್ತದಪ್ಪ, ಅವರ ಕಣ್ಣಿಗೆ ತಪ್ಪೋದುಂಟಾ?" ಎಂದರು ಸಾವಿತ್ರಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೇಳಿದೆ: "ಸ್ವಲ್ಪ ಇದೆ ಸರ್. ಕೇಬಲ್ ಬದಲಾಯಿಸ್ತೀನಿ."

ಓದುವವರಿಗೆ ಒಂದು ಮಾತು ತಿಳಿದಿರಲಿ. ಕೇಬಲ್ ಕೆಟ್ಟದ್ದಾದರೆ ಇಡೀ ಚಿತ್ರ ಮಸುಕಾಗುತ್ತದೆ, ಪಟ್ಟೆ ಬರುತ್ತದೆ, ಬಿಂಬಕ್ಕೊಂದು ನೆರಳು ಹುಟ್ಟುತ್ತದೆ. ನೋಡುವವನ ದೃಷ್ಟಿ ಹೋದ ಕಡೆಗೇ ಹೋಗಿ, ಅಲ್ಲೊಂದು ಗೆರೆ ಬಗ್ಗಿಸುವ ಕೇಬಲ್ಲನ್ನು ಈವರೆಗೆ ಯಾರೂ ತಯಾರಿಸಿಲ್ಲ. ಇದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಆದರೆ ಕಪ್ಪು ಬೀಜ ಹುಡುಕುವ ಕಣ್ಣಿಗೆ ತಪ್ಪಿದೆ ಎನ್ನುವುದಕ್ಕಿಂತ ನನ್ನ ಕೈ ತಪ್ಪಿದೆ ಎಂದುಕೊಳ್ಳುವುದು ಸುಲಭವಾಗಿತ್ತು. ಹೆದರುಪುಕ್ಕಲನಿಗೆ ತನ್ನ ತಪ್ಪೇ ನೆಮ್ಮದಿಯ ಜಾಗ.

ಮೂರನೆಯದು ಕಾಂಪೊನೆಂಟ್ ಕೇಬಲ್. ಬೆಳಕು ಒಂದರಲ್ಲಿ, ಬಣ್ಣಗಳು ಎರಡರಲ್ಲಿ, ಹೀಗೆ ಚಿತ್ರವನ್ನು ಮೂರು ಎಳೆಗಳಲ್ಲಿ ಒಯ್ಯುತ್ತದೆ. ಬೆಂಗಳೂರಿನಿಂದ ಬರಲು ಏಳು ವಾರ ಹಿಡಿಯಿತು. ಏಳು ವಾರವೂ ಗೌಡರು ಫೋನಿನಲ್ಲಿ ಕೇಳಿದ್ದು ಒಂದೇ: "ಬಂತಾ?" ಕೇಬಲ್ ಬಂದರೆ ಎಲ್ಲ ಸರಿಹೋಗುತ್ತದೆಂದು ಅವರು ಕಾಯುತ್ತಿದ್ದರು.

ಮಾರ್ಚ್ ಕೊನೆಯಲ್ಲಿ, ಕಾಫಿ ಹೂವಾಗಿದ್ದ ವಾರ, ಅದನ್ನೂ ಎಳೆದು ಮುಗಿಸಿದೆ. ಮಧ್ಯಾಹ್ನದ ಸೆಕೆ. ಕಿಟಕಿಗಳಿಗೆ ಪರದೆ ಎಳೆದು ಚೌಕುಳಿ ಗೆರೆ ಮೂಡಿಸಿದೆ. ಗೌಡರು ತುಂಬ ಹೊತ್ತು ನೋಡಿದರು. ಹಣೆಯ ಬೆವರು ಎಡಗಣ್ಣಿಗೆ ಇಳಿಯಿತು. ಹೆಗಲ ಟವೆಲಿನಿಂದ ಆ ಕಣ್ಣನ್ನು ಒತ್ತಿಕೊಂಡರು.

"ಕರೆಂಟ್ ಹೋಯ್ತಾ?" ಎಂದರು.

ಪ್ರೊಜೆಕ್ಟರಿನ ಫ್ಯಾನ್ ತಿರುಗುತ್ತಲೇ ಇತ್ತು. ಗೆರೆಗಳ ಬೆಳಕು ಅವರ ಬಿಳಿ ಷರ್ಟಿನ ಮೇಲೂ ಬಿದ್ದಿತ್ತು.

ಮರುದಿನ ಮಂಗಳೂರಿಗೆ ಕರೆದೊಯ್ದರು. ಬಲಗಣ್ಣು ಯಾವಾಗಲೋ ಹೋಗಿದೆ, ಎಡಗಣ್ಣೊಂದರಲ್ಲೇ ನೋಡುತ್ತಿದ್ದರಿಂದ ಅವರಿಗೇ ತಿಳಿದಿಲ್ಲ. ಎಡಗಣ್ಣಿನ ಹಿಂದಿನ ರೆಟಿನಾ ಪರದೆಯಲ್ಲಿ, ನಟ್ಟನಡುವೆಯೇ, ಸಕ್ಕರೆಯಿಂದ ರಕ್ತನಾಳ ಒಸರಿ ಹಾಳಾಗಿದೆ ಎಂದರಂತೆ ಡಾಕ್ಟರು. ಒಂದೂವರೆ ತಿಂಗಳ ಮೊದಲು ಬಂದಿದ್ದರೆ ಲೇಸರ್ ಚಿಕಿತ್ಸೆಯಿಂದ ಎಡಗಣ್ಣನ್ನಾದರೂ ಉಳಿಸಿಕೊಳ್ಳಬಹುದಿತ್ತಂತೆ. ನಾನು ಕ್ಯಾಲೆಂಡರ್ ತೆಗೆದು ಎಣಿಸಿದೆ. ಎಣಿಸದಿದ್ದರೂ ಗೊತ್ತಿತ್ತು.

ಮುಂದಿನ ದಸರೆಯವರೆಗೆ ಆ ಕಡೆ ತಲೆ ಹಾಕಲಿಲ್ಲ. ಹೋದಾಗ ಹಾಲಿನಲ್ಲಿ ಸಿನಿಮಾ ನಡೆಯುತ್ತಿತ್ತು. ಗೌಡರು ಪರದೆಗೆ ಎದುರಾಗಿರಲಿಲ್ಲ. ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ನಡುದೃಷ್ಟಿ ಸತ್ತವರು ಕಣ್ಣಂಚಿನಲ್ಲಿ ನೋಡುತ್ತಾರೆ ಎಂದು ಸಾವಿತ್ರಮ್ಮ ಪಿಸುಗುಟ್ಟಿದರು.

ನಾನು ಅವರ ಪಕ್ಕ ಕುಳಿತೆ. "ಸರ್, ಅವತ್ತು ನಂಗೆ ಗೆರೆ ನೆಟ್ಟಗೇ ಕಂಡಿತ್ತು."

"ಜಯಣ್ಣಂಗೂ ನೆಟ್ಟಗೇ ಕಂಡಿತ್ತಂತೆ," ಎಂದರು. "ಕಣದಲ್ಲಿ ನಾ ಬರೋ ಮುಂಚೆ ಕಪ್ಪು ಬೀಜ ಆರಿಸಿ ಜೇಬಿಗೆ ಹಾಕ್ಕೊಳ್ತಿದ್ನಂತೆ, ನನ್ ಕಣ್ಣಿಗೆ ತಪ್ಪಿಹೋಗಿ ನಂಗೆ ಬೇಜಾರಾಗಬಾರ್ದು ಅಂತ. ಎಷ್ಟು ಮರ್ಯಾದೆ ಕೊಟ್ರಿ ಮಾರಾಯ ಎಲ್ಲರೂ."

ಬೈದಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು.

ಈಗ ಆ ತೆಳು ವೈರುಗಳ ಕಾಲ ಮುಗಿದಿದೆ. ಎಷ್ಟು ಮೀಟರಿಗೆ ಯಾವ ಕೇಬಲ್ ಎಂದು ಯಾರು ಕೇಳಿದರೂ ಹೇಳಬಲ್ಲೆ. ಕಸುಬು ಕಲಿಸಿದ ದೊಡ್ಡ ಪಾಠ ಅದಲ್ಲ. ಗಿರಾಕಿ ಏನು ಕಂಡೆ ಎಂದರೂ, ನನಗೆ ಕಂಡದ್ದನ್ನು ನಾನು ಬಾಯಿಬಿಟ್ಟು ಹೇಳಬೇಕು. ಹೇಳುತ್ತೇನೆ, ಹೇಳುವಾಗ ಇವತ್ತಿಗೂ ನಾಲಿಗೆ ಒಣಗುತ್ತದೆ.

ಅವತ್ತು ಎದ್ದು ಹೊರಟಾಗ ಗೌಡರು ತಡೆದರು. "ನಿಲ್ಲು, ಎಷ್ಟು ಬಡವಾಗಿದೀಯ ನೋಡ್ತೀನಿ," ಎಂದು ನನ್ನ ಮುಖ ನೋಡಲು ನನ್ನ ಕಿವಿಯಾಚೆಯ ಗೋಡೆಯನ್ನು ದಿಟ್ಟಿಸಿದರು.