ಸ್ಪ್ಯಾನಿಷ್‌ನಲ್ಲಿ ಹೋಗುವುದು ಹೇಗೆ

ಮೂವತ್ತೆರಡು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿದ ನಾನು, ನಿವೃತ್ತನಾದ ಮೇಲೆ ‘ಹೋಗು’ ಎಂಬ ಒಂದೇ ಒಂದು ಕ್ರಿಯಾಪದವನ್ನು ಭೂತಕಾಲದಲ್ಲಿ ಹೇಳಲಾರದೆ ಬೋರ್ಡಿನ ಮುಂದೆ ನಿಂತು ಬೆವರಿದ್ದೇನೆ. ಕನ್ನಡದ ಹೋಗು ಅಲ್ಲ, ಸ್ಪ್ಯಾನಿಷ್ ಭಾಷೆಯದು. ಚಿಕ್ಕಬಳ್ಳಾಪುರದಲ್ಲಿ ಕೂತು ಅರವತ್ತೆರಡನೆಯ ವಯಸ್ಸಿನಲ್ಲಿ ಸ್ಪ್ಯಾನಿಷ್ ಯಾಕೆ ಎಂದು ನೀವು ಕೇಳುವ ಮೊದಲೇ ನಮ್ಮ ಬೀದಿಯವರೆಲ್ಲ ಕೇಳಿ ಆಗಿದೆ. ಅವರಿಗೆ ಹೇಳದ ಕಾರಣವನ್ನು ನಿಮಗೆ ಹೇಳುತ್ತೇನೆ.

ಒಂದು ಬೆಳಿಗ್ಗೆ ತರಕಾರಿ ಅಂಗಡಿಯಲ್ಲಿ ನಿಂತಿದ್ದೆ. ಕಣ್ಣೆದುರಿಗೇ ಕಾಯಿ ರಾಶಿ ಬಿದ್ದಿದೆ, ಅದರ ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ. “ಅದೇ ಕಣಮ್ಮ, ಉದ್ದಕ್ಕೆ, ಏಣು ಏಣಾಗಿರುತ್ತಲ್ಲ, ಅದು ಕೊಡು” ಎಂದೆ. ಅಂಗಡಿಯಾಕೆ “ಬೀರಕಾಯಾ ಸಾಮೀ?” ಎಂದು ತೆಲುಗಿನಲ್ಲಿ ಕೇಳಿದಳು. ಆ ತೆಲುಗಿನ ಕೈಹಿಡಿದುಕೊಂಡು ನನ್ನ ಹೀರೇಕಾಯಿ ವಾಪಸ್ಸು ಬಂತು. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಪೆರೇಸಂದ್ರದ ನಮ್ಮ ಮನೆಯಲ್ಲಿ ಅಪ್ಪ ಕೊನೆಯ ಮೂರು ವರ್ಷ ನನ್ನನ್ನು “ಯಾರಪ್ಪಾ ನೀನು, ಯಾವೂರಾಯ್ತು?” ಎಂದು ಬಹಳ ಮರ್ಯಾದೆಯಿಂದ ವಿಚಾರಿಸುತ್ತಿದ್ದರು. ಅವರ ಮರೆವು ಶುರುವಾದದ್ದೂ ಇಂಥ ಸಣ್ಣಪುಟ್ಟ ಹೆಸರುಗಳಿಂದಲೇ.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, “ಏನೂ ಕಾಣ್ತಿಲ್ಲ ಸಾರ್, ವಯಸ್ಸು ಅಷ್ಟೆ. ಮೆದುಳಿಗೆ ಕೆಲಸ ಕೊಡ್ತಾ ಇರಿ. ಬರ್ದೇ ಇರೋದೇನಾದ್ರೂ ಕಲೀರಿ” ಎಂದರು.

“ಬರ್ದೇ ಇರೋದು ತಾನೆ?” ಎಂದಳು ನನ್ನ ಹೆಂಡತಿ ಜಯ. “ಅನ್ನಕ್ಕಿಡೋದು ಕಲೀರಿ.”

ಅದಕ್ಕಿಂತ ಸುಲಭವಾದದ್ದು ಏನಾದರೂ ಇದ್ದೀತು ಎಂದು ಹುಡುಕುತ್ತಿದ್ದಾಗ, ಜೆರಾಕ್ಸ್ ಅಂಗಡಿಯ ಗೋಡೆಯ ಮೇಲೆ ‘ಭಾನುವಾರ ಸ್ಪ್ಯಾನಿಷ್ ತರಗತಿ, ಮಹಡಿಯ ಮೇಲೆ’ ಎಂಬ ಚೀಟಿ ಕಂಡಿತು. ಮಹಡಿ ಹತ್ತಿದೆ. ಐದಾರು ಜನ ಕಾಲೇಜು ಹುಡುಗ ಹುಡುಗಿಯರು ಕೂತಿದ್ದರು. ಬೋರ್ಡಿನ ಬಳಿಯಿದ್ದ ಹೆಣ್ಣುಮಗಳು ತಿರುಗಿ ನೋಡಿ, “ಸಾರ್, ನೀವಾ!” ಎಂದಳು. ನಸ್ರೀನ್. ಶಿಡ್ಲಘಟ್ಟದಲ್ಲಿ ನನ್ನ ಬಳಿ ಮೂರು ವರ್ಷ ಕನ್ನಡ ಕಲಿತವಳು. ಈಗ ಮನೆಯಲ್ಲೇ ಕೂತು ಯಾವುದೋ ಕಂಪನಿಗೆ ಸ್ಪ್ಯಾನಿಷ್ ಅನುವಾದ ಮಾಡುತ್ತಾಳಂತೆ, ಭಾನುವಾರ ಬಸ್ಸು ಹತ್ತಿ ಇಲ್ಲಿಗೆ ಬಂದು ಪಾಠ ಹೇಳುತ್ತಾಳಂತೆ.

“ಮೊಮ್ಮಕ್ಕಳನ್ನ ಸೇರಿಸ್ಬೇಕಿತ್ತಾ ಸಾರ್?”

“ಇಲ್ಲಮ್ಮ. ನನ್ನನ್ನೇ ಸೇರಿಸ್ಕೋಬೇಕು.”

ಅವಳು ನಗಲಿಲ್ಲ. ಕಿಟಕಿಯ ಪಕ್ಕ, ಬೆಳಕು ಚೆನ್ನಾಗಿರುವ ಕುರ್ಚಿ ತೋರಿಸಿದಳು.

ಸ್ಪ್ಯಾನಿಷ್ ಕ್ರಿಯಾಪದಗಳು ಹೆಚ್ಚಾಗಿ ಸಾಧು ಪ್ರಾಣಿಗಳು. ಬಾಲ ಒಂದು ಬದಲಾಯಿಸಿದರೆ ನಾನು, ನೀನು, ಅವನು ಎಂದು ವಿಧೇಯವಾಗಿ ತಿರುಗುತ್ತವೆ. ಆದರೆ ದಿನ ಬೆಳಗಾದರೆ ಬೇಕಾಗುವ ಪದಗಳಿವೆಯಲ್ಲ, ಅವು ಯಾರ ಮಾತನ್ನೂ ಕೇಳುವುದಿಲ್ಲ. ‘ಹೋಗು’ ಎಂಬುದಕ್ಕೆ ಅಲ್ಲಿ ‘ಇರ್’ ಎನ್ನುತ್ತಾರೆ. ನಾನು ಹೋಗುತ್ತೇನೆ ಎಂದಾಗ ‘ಇರ್’ ಮಾಯವಾಗಿ ‘ಬೋಯ್’ ಆಗುತ್ತದೆ. ನೀನು ಹೋಗುತ್ತೀಯೆ ಎಂದರೆ ‘ಬಾಸ್’. ಅವನು ಹೋಗುತ್ತಾನೆ ಎಂದರೆ, ಕೇಳಿ, ‘ಬಾ’! ನಾವು ಯಾರನ್ನು ಬಾ ಎಂದು ಕರೆಯುತ್ತೇವೋ ಅವನು ಆ ದೇಶದಲ್ಲಿ ಎದ್ದು ಹೊರಟೇಬಿಡುತ್ತಾನೆ. ಒಂದು ವಾರ ನಾನು ಮನೆಗೆ ಬಂದವರನ್ನೆಲ್ಲ “ಬಾ” ಎನ್ನಲು ಅನುಮಾನಿಸುತ್ತಿದ್ದೆ.

ಇದರ ಹಿಂದಿನ ಕಥೆಯನ್ನೂ ಓದಿಕೊಂಡೆ, ಮೇಷ್ಟ್ರ ಬುದ್ಧಿ ಬಿಡಬೇಕಲ್ಲ. ಹಳೆಯ ಲ್ಯಾಟಿನ್ ಭಾಷೆಯ ಮೂರು ಬೇರೆ ಬೇರೆ ಧಾತುಗಳು ಕಾಲಾಂತರದಲ್ಲಿ ಒಂದೇ ಕ್ರಿಯಾಪದದೊಳಗೆ ಸೇರಿಕೊಂಡಿವೆಯಂತೆ. ಮೂರು ಮನೆಯವರ ಹೆಸರು ಒಂದೇ ರೇಷನ್ ಕಾರ್ಡಿನಲ್ಲಿ ಇದ್ದಂತೆ. ಮುಖಲಕ್ಷಣ ಹೋಲುವುದಿಲ್ಲ, ಆದರೂ ಒಂದೇ ಸಂಸಾರ.

ನಾಲ್ಕನೆಯ ಭಾನುವಾರ ನಸ್ರೀನ್ ನನ್ನನ್ನು ಬೋರ್ಡಿಗೆ ಕರೆದಳು. “ಸಾರ್, ‘ನಾನು ಹೋದೆ’ ಅಂತ ಬರೀರಿ.” ಆ ವಾರವೆಲ್ಲ ಭೂತಕಾಲದ ನಿಯಮಗಳನ್ನು ಬಾಯಿಪಾಠ ಮಾಡಿದ್ದೆ. ನಿಯಮದ ಪ್ರಕಾರ ಬಾಲ ಹಚ್ಚಿ ‘ಇರೀ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಹಿಂತಿರುಗಿದೆ. ಅಂಥ ಪದವೇ ಆ ಭಾಷೆಯಲ್ಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಸ್ರೀನ್ ಅತ್ತ ಒಮ್ಮೆ ನೋಡಿದಳು, ಸದ್ದಡಗಿತು.

“ಇದು ದಡ್ಡರು ಮಾಡೋ ತಪ್ಪಲ್ಲ” ಎಂದಳು ಮಕ್ಕಳಿಗೆ. “ನಿಯಮ ಸರಿಯಾಗಿ ಕಲ್ತಿರೋರು ಮಾತ್ರ ಹಿಂಗೆ ಬರೀತಾರೆ. ತಪ್ಪು ಸಾರ್‌ದಲ್ಲ, ಪದದ್ದು.” ಆಮೇಲೆ ಪಕ್ಕದಲ್ಲಿ ‘ಫುಯಿ’ ಎಂದು ಬರೆದಳು.

ನಾನು ಕುರ್ಚಿಗೆ ಬಂದು ಕೂತೆ. ಕೂತಾಗ ನೆನಪಾಯಿತು. ನೋಡಿ, ಹೀರೇಕಾಯಿಯನ್ನು ಮರೆತ ತಲೆ ಇದನ್ನು ಮರೆತಿರಲಿಲ್ಲ.

ಎಂಟನೆಯ ತರಗತಿಯಲ್ಲಿ ಈ ಹುಡುಗಿ ಪ್ರಬಂಧದಲ್ಲಿ ‘ಅಮ್ಮ ನೀರು ತರಿದಳು’ ಎಂದು ಬರೆದಿದ್ದಳು. ತಂದಳು ಎನ್ನಬೇಕಿತ್ತು. ನಾನು ಅದನ್ನು ಎಲ್ಲರೆದುರು ಓದಿ, “ತರಿ ಅಂದ್ರೆ ಕಡಿ ಅಂತ. ನಿಮ್ಮಮ್ಮ ನೀರನ್ನ ಯಾವ ಮಚ್ಚಲ್ಲಿ ಕಡಿದ್ಲು ತಾಯಿ?” ಎಂದು ಕೇಳಿದ್ದೆ. ತರಗತಿಯೆಲ್ಲ ನಕ್ಕಿತು. ಆ ವರ್ಷವಿಡೀ ಹುಡುಗರು ಅವಳನ್ನು ‘ತರಿದಳು’ ಎಂದೇ ಕರೆದರು. ಅದು ನನ್ನ ಕಿವಿಗೂ ಬೀಳುತ್ತಿತ್ತು. ನನ್ನ ಹಾಸ್ಯಪ್ರಜ್ಞೆಗೆ ಸಂದ ಗೌರವ ಎಂದುಕೊಂಡಿದ್ದೆ. ಮಾಡು ಮಾಡಿದಳಾದರೆ, ಹಾಡು ಹಾಡಿದಳಾದರೆ, ತರು ತರಿದಳು ಯಾಕಾಗಬಾರದು? ಮನೆಯಲ್ಲಿ ಉರ್ದು ಆಡುವ ಮಗು ನಾನೇ ಕಲಿಸಿದ ನಿಯಮವನ್ನು ನಂಬಿ ಬರೆದಿತ್ತು. ಬರು, ತರು, ಬೀಳು, ಕೊಡು... ನಮ್ಮಲ್ಲೂ ಎಷ್ಟೊಂದು ಹಟಮಾರಿ ಪದಗಳಿವೆ ಎಂದು ಹುಟ್ಟುಕನ್ನಡಿಗನಾದ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹೆಚ್ಚು ತುಳಿದ ಮೆಟ್ಟಿಲು ಸವೆದು ಆಕಾರಗೆಡುತ್ತದೆ, ಅದರ ಮೇಲೆ ಓಡಾಡಿ ಅಭ್ಯಾಸವಾದವನು ಎಡವುವುದಿಲ್ಲ. ಹೊಸಬರು ಎಡವಿದರೆ ನಗುತ್ತಾನೆ.

ಮುಂದಿನ ಎರಡು ಭಾನುವಾರ ಮೈ ಹುಷಾರಿಲ್ಲ ಎಂದು ತಪ್ಪಿಸಿಕೊಂಡೆ. ನನ್ನ ಮೈಯಲ್ಲಿ ಜಯಳಿಗೆ ಯಾವ ಜ್ವರವೂ ಕಾಣಲಿಲ್ಲ. ಕೇಳಿದಳು, ಹೇಳಿದೆ. “ಹೋಗಿ ಒಂದ್ ಮಾತು ತಪ್ಪಾಯ್ತು ಅನ್ನಿ. ಅದಕ್ಕೂ ವ್ಯಾಕರಣ ಬೇಕಾ?” ಎಂದಳು.

ಶಿಡ್ಲಘಟ್ಟದಲ್ಲಿ ನಸ್ರೀನಳ ಮನೆ ಸಿಗುವುದು ಕಷ್ಟವಾಗಲಿಲ್ಲ. ರೇಷ್ಮೆಗೂಡು ಬೇಯುವ ವಾಸನೆ ಹಿಡಿದು ಓಣಿಯ ಕೊನೆಯವರೆಗೆ ನಡೆದರಾಯಿತು. ಅವಳ ತಾಯಿ ಬಾಗಿಲು ತೆರೆದರು. ವರ್ಷಗಟ್ಟಲೆ ಬಿಸಿನೀರಿನಲ್ಲಿ ರೇಷ್ಮೆಯ ಎಳೆ ಹುಡುಕಿದ ಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು. “ಬನ್ನಿ ಸಾರ್, ಬನ್ನಿ. ನಮ್ ಮೇಷ್ಟ್ರು ನನ್ ಕ್ಲಾಸಿಗೆ ಬರ್ತಾರೆ ಅಂತ ಎಲ್ಲಾರ್ಗೂ ಹೇಳ್ಕೊಂಡ್ ತಿರುಗ್ತಾಳೆ” ಎನ್ನುತ್ತಾ ಒಳಗೆ ಹೋಗಿ ನೀರು ತಂದರು. ಆ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಅವರು ಟೀ ಮಾಡಲು ಹೋದಾಗ ನಸ್ರೀನಳಿಗೆ ಹೇಳಿದೆ. “ಎಂಟನೇ ಕ್ಲಾಸಲ್ಲಿ ನಿನ್ನ ಪ್ರಬಂಧ ಓದಿ ನಗಿಸಿದ್ನಲ್ಲಮ್ಮ. ತಪ್ಪಾಯ್ತು.”

ಅವಳು ನನ್ನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟಳು. “ನೆನಪಿದೆ ಸಾರ್. ಅಮ್ಮಂಗೆ ಹೇಳ್ಲೇ ಇಲ್ಲ. ಅವ್ರ ಹೆಸರು ಬಂದಿತ್ತಲ್ಲ, ಅದಕ್ಕೆ.”

“ಆಮೇಲೆ ಕನ್ನಡದಲ್ಲಿ ನೀನೇ ಮೊದಲು ಬರ್ತಿದ್ದೆ...” ಎಂದು ನಾನು ತೊದಲಿದೆ.

“ನೀವು ನಕ್ಕಿದ್ದಕ್ಕೆ ಕಲ್ತೆ ಅಂದ್ಕೋಬೇಡಿ ಸಾರ್” ಎಂದಳು, ಮೆತ್ತಗೆ. “ನೀವು ನಕ್ರೂ ಕಲ್ತೆ. ಮಾತು ಕೇಳದೇ ಇರೋ ಪದಗಳನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಪಟ್ಟಿ ಮಾಡ್ಕೊಂಡೆ. ಇನ್ಮೇಲೆ ಯಾರೂ ನಗಬಾರದು ಅಂತ. ಅಲ್ಲಿಂದ ಭಾಷೆ ಹುಚ್ಚು ಹಿಡೀತು.” ಆಮೇಲೆ, “ನೀವು ಬಂದಿದ್ದು ಒಳ್ಳೇದಾಯ್ತು. ಎರಡು ಪಾಠ ತಪ್ಪಿಸ್ಕೊಂಡಿದ್ದೀರಿ, ನೋಟ್ಸ್ ಕೊಡ್ತೀನಿ” ಎಂದಳು.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋಟ್ಸ್ ಕೊಟ್ಟಳು. ನನ್ನ ಮೂವತ್ತೆರಡು ವರ್ಷದ ನೌಕರಿಯಲ್ಲಿ ಬಂದ ಹಾರ ಶಾಲುಗಳಲ್ಲಿ ಯಾವುದೂ ಆ ಎಂಟು ಪುಟಗಳಷ್ಟು ತೂಗಲಿಲ್ಲ. ಬಸ್ಸಿನಲ್ಲಿ ಊರು ತಲುಪುವವರೆಗೂ ಅವನ್ನು ಎದೆಗಾನಿಸಿಕೊಂಡು ಕೂತಿದ್ದೆ.

ಆ ನೋಟ್ಸಿನಲ್ಲಿ ಒಂದು ವಿಶೇಷವಿತ್ತು. ‘ಫುಯಿ’ ಎಂದರೆ ‘ನಾನು ಹೋದೆ’ ಎಂದೂ ಆಗುತ್ತದೆ, ‘ನಾನು ಆಗಿದ್ದೆ’ ಎಂದೂ ಆಗುತ್ತದೆ. ಇದ್ದದ್ದಕ್ಕೂ ಹೋದದ್ದಕ್ಕೂ ಒಂದೇ ಪದ. ಮುಂದಿನ ತರಗತಿಯಲ್ಲಿ ಒಬ್ಬೊಬ್ಬರೂ ಅದನ್ನು ಬಳಸಿ ಒಂದೊಂದು ವಾಕ್ಯ ಹೇಳಬೇಕಿತ್ತು. ನಾನು “ಫುಯಿ ಮಾಯೆಸ್ತ್ರೊ” ಎಂದೆ. ಮೇಷ್ಟ್ರಾಗಿದ್ದೆ ಎಂದರ್ಥ. ನಸ್ರೀನ್ ಸರಿ ಎಂದು ತಲೆಯಾಡಿಸಿದಳು. ಆಗಿದ್ದೆ ಎನ್ನುವಾಗ ಬೇಸರವಾದೀತು ಎಂದುಕೊಂಡಿದ್ದೆ. ಹಗುರವಾಯಿತು. ಸರಿಯಾದುದನ್ನು ಮಾತ್ರ ಹೇಳಬೇಕಾದ ಕೆಲಸದಿಂದ ಬಿಡುಗಡೆಯಾಗಿ, ತಪ್ಪು ಹೇಳಿಯೂ ಕೂರಲು ಒಂದು ಕುರ್ಚಿ ಸಿಕ್ಕಿತ್ತು.

ಹೆಸರುಗಳು ಈಗಲೂ ಆಗಾಗ ಕೈಕೊಡುತ್ತವೆ. ಕಾಯುತ್ತೇನೆ. ಕೆಲವು ಬರುತ್ತವೆ.

ಮೊನ್ನೆ ಭವಿಷ್ಯತ್ಕಾಲಕ್ಕೆ ಬಂದೆವು. ಸೊಂಟ ಬಿಗಿದುಕೊಂಡು ಕೂತಿದ್ದೆ. ಆದರೆ ಆಶ್ಚರ್ಯ, ವರ್ತಮಾನದಲ್ಲಿ ವೇಷ ಮರೆಸಿ ಭೂತದಲ್ಲಿ ಹೆಸರೇ ಬದಲಿಸಿದ್ದ ಈ ಪದ, ಭವಿಷ್ಯದಲ್ಲಿ ಮಾತ್ರ ನಿಯಮದ ಗೆರೆ ದಾಟುವುದಿಲ್ಲ. ‘ಇರ್’ಗೆ ಬಾಲ ಹಚ್ಚಿದರೆ ಮುಗಿಯಿತು: ಇರೇ, ಇರಾಸ್, ಇರಾ. ಹೋಗುವೆನು, ಹೋಗುವೆ, ಹೋಗುವನು. ಇನ್ನೂ ನಡೆಯದ ದಿನಗಳನ್ನು ಯಾರೂ ತುಳಿದು ಸವೆಸಿಲ್ಲವಷ್ಟೆ. ನನ್ನ ವಯಸ್ಸಿನವನಿಗೂ ತಪ್ಪಿಲ್ಲದೆ ಹೇಳಬಹುದಾದ ಒಂದು ಕಾಲ ಉಳಿದಿದೆಯಲ್ಲ ಎಂದು ಮನಸ್ಸು ತುಂಬಿ ಬಂತು.

ಮಾರನೆಯ ಬೆಳಿಗ್ಗೆ ಗಡ್ಡ ಕೆರೆಯುತ್ತಾ ಅದನ್ನೇ ಗಟ್ಟಿಯಾಗಿ ಅಭ್ಯಾಸ ಮಾಡಿದೆ. “ಇರೇ... ಇರೇ...” ಮುಖ ತೊಳೆದು ಹೊರಗೆ ಬಂದರೆ ಜಯ ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದಾಳೆ. ಗೌರಿಬಿದನೂರಿನ ತಂಗಿಯ ಮನೆಗೆಂದು ಒಬ್ಬಳೇ ಹೊರಟಿದ್ದಳು.

“ಹೋಗ್ಲಿಲ್ವಾ?” ಎಂದೆ.

“ಹೆಂಗೆ ಹೋಗ್ಲಿ? ಒಳಗಿಂದ ಕಾಲುಗಂಟೆಯಿಂದ ಇರೇ, ಇರೇ ಅಂತ ಕೂಗ್ತಿದ್ದೀರಲ್ಲ. ಇದ್ದೀನಿ. ಬಸ್ಸು ಹೋಯ್ತು.”

ಅವರ ಭಾಷೆಯಲ್ಲಿ ನಾನು ಹೋಗುತ್ತೇನೆ ಎಂದಿದ್ದೆ. ಅವಳು ನಮ್ಮ ಭಾಷೆಯಲ್ಲಿ ಕೇಳಿಸಿಕೊಂಡು ಇದ್ದುಬಿಟ್ಟಿದ್ದಳು. ಅನುವಾದದಲ್ಲಾದ ಈ ತಪ್ಪನ್ನು ನಾನು ತಿದ್ದಲಿಲ್ಲ. ಅಂಗಿ ಹಾಕಿಕೊಂಡು ಬಂದೆ, ಮುಂದಿನ ಬಸ್ಸಿಗೆ ಇಬ್ಬರೂ ಹೋದೆವು.