ಪೇಪರಿನಲ್ಲಿ ಇಲ್ಲದ ಸಾಲು

ಆಗೆಲ್ಲ ನಮ್ಮ ಮನೆಗೆ ಲೋಕದ ಸುದ್ದಿ ಬರುತ್ತಿದ್ದುದು ಬೆಳಗಿನ ಬಸ್ಸಿನಲ್ಲಿ. ಕೋಲಾರದಿಂದ ಸುಗಟೂರಿಗೆ ಬರುವ ಮೊದಲ ಬಸ್ಸು ಟೀ ಅಂಗಡಿಯ ಮುಂದೆ ಪೇಪರಿನ ಕಟ್ಟು ಇಳಿಸಿ ಹೋಗುತ್ತಿತ್ತು. ಅದರಲ್ಲಿ ಒಂದನ್ನು ನಾನು ಓಡಿಹೋಗಿ ತರುತ್ತಿದ್ದೆ. ಮನೆಯಲ್ಲಿ ಅದಕ್ಕಾಗಿ ಕಾಯುತ್ತಿದ್ದವಳು ಅಕ್ಷರವೇ ಬಾರದ ಅವ್ವ. ನಮ್ಮ ಮನೆಯಲ್ಲಿ ಅಪ್ಪನ ತಾಯಿಯನ್ನು ಅವ್ವ ಅಂತಲೇ ಕರೆಯುವುದು. ಬೇರೆಲ್ಲ ಮಾತು ಕನ್ನಡದಲ್ಲಾದರೂ ನನಗೆ ಓದು ಎಂದು ಹೇಳುವಾಗ ಮಾತ್ರ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು. "ಚದುವು ಪಾಪ" ಅನ್ನುತ್ತಿದ್ದಳು. ಯಾರು ತೀರಿಕೊಂಡರು, ಎಲ್ಲಿ ಮಳೆಯಾಯಿತು, ರೇಷ್ಮೆಗೂಡಿನ ರೇಟು ಏನಾಯಿತು, ಇಷ್ಟು ಒಪ್ಪಿಸಿದ ಮೇಲೆಯೇ ನನ್ನನ್ನು ಸ್ಕೂಲಿಗೆ ಬಿಡುತ್ತಿದ್ದಳು.

ನಮ್ಮ ರೇಷ್ಮೆಹುಳದ ಮನೆಗೆ ಅವ್ವನೇ ಯಜಮಾನಿ. ಹಿತ್ತಲಿನ ಹಿಪ್ಪುನೇರಳೆ ತೋಟ ಅವಳು ಈ ಮನೆಗೆ ಸೊಸೆಯಾಗಿ ಬಂದ ವರ್ಷ ನೆಟ್ಟದ್ದಂತೆ. ಹುಳುಗಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ ಮಲಗಿ, ಚರ್ಮ ಕಳಚುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ಒಂದೊಂದು ಜ್ವರಕ್ಕೂ ಅವ್ವ ಮನೆಯ ಮಕ್ಕಳಿಗೆ ಜ್ವರ ಬಂದಂತೆಯೇ ಓಡಾಡುತ್ತಿದ್ದಳು. ಚಪ್ಪಲಿ ಹಾಕಿಕೊಂಡು ಒಳಗೆ ಬರುವಂತಿಲ್ಲ, ಪೌಡರ್ ಹಚ್ಚಿಕೊಂಡವರು ಹೊಸ್ತಿಲು ದಾಟುವಂತಿಲ್ಲ, ಒಗ್ಗರಣೆಯ ಘಾಟು ಏಳುವಂತಿಲ್ಲ. ಕೊನೆಯ ಜ್ವರ ಕಳೆದು ಹುಳುಗಳು ಹಗಲೂ ರಾತ್ರಿ ಸೊಪ್ಪು ತಿನ್ನುವ ಆ ಒಂದು ವಾರ ನಮಗೆ ಮುದ್ದೆ, ಒಗ್ಗರಣೆಯಿಲ್ಲದ ಉಪ್ಸಾರು ಅಷ್ಟೇ. ಕುಂಟೆಬಿಲ್ಲೆ ಆಡಲು ಬಂದ ಗೆಳತಿಯರನ್ನು ಅಮ್ಮ ಬೀದಿಯಿಂದಲೇ ವಾಪಸ್ಸು ಕಳಿಸುತ್ತಿದ್ದಳು. ಇದಕ್ಕೆಲ್ಲ ಪರಿಹಾರ ಗೂಡು ಮಾರಿದ ದಿನ ಸಿಗುತ್ತಿತ್ತು. ಅವರೆಕಾಯಿಯ ಕಾಲವಾದರೆ ಅವತ್ತು ಹಿತಕಿದಬೇಳೆ ಸಾರು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿದ ಒಗ್ಗರಣೆ ಮನೆಯ ತುಂಬ ಚಟಗುಟ್ಟುತ್ತಿತ್ತು.

ನಾನು ಹೇಳಹೊರಟ ಬೆಳೆ ಬಂದಾಗ ನನಗೆ ಹತ್ತು ವರ್ಷ. ಅವರೆಯ ಕೊನೆಯ ದಿನಗಳು. ಗೂಡುಗಳು ಹಳದಿಗೆ ತಿರುಗಿ ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ಅವ್ವ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿ ಸುಮ್ಮನೆ ನಕ್ಕಿದ್ದಳು. ಅಪ್ಪ ಚೀಲಗಳನ್ನು ಟೆಂಪೋಗೆ ಹಾಕಿಕೊಂಡು ಕೋಲಾರದ ಗೂಡಿನ ಮಾರ್ಕೆಟ್ಟಿಗೆ ಹೊರಟ. ನಾನೂ ಅಮ್ಮನೂ ನೆನೆಸಿದ ಅವರೆಕಾಳು ಹಿತುಕುತ್ತ ಕೂತೆವು. ಬೆರಳಿಗೆಲ್ಲ ಸೊಗಡಿನ ವಾಸನೆ ಹತ್ತಿತ್ತು. ಮಧ್ಯಾಹ್ನ ಟೆಂಪೋ ಬಂದಾಗ ಚೀಲಗಳು ಹೋದಂತೆಯೇ ವಾಪಸ್ಸು ಬಂದಿದ್ದವು.

ಅಪ್ಪನ ಜೊತೆ ಖಾದರ್ ಮಾಮನೂ ಇಳಿದ. ಕೋಲಾರದಲ್ಲಿ ನೂಲು ತೆಗೆಯುವ ಚರಕಗಳನ್ನು ಇಟ್ಟುಕೊಂಡಿದ್ದ ಮನುಷ್ಯ. ವರ್ಷಗಳಿಂದ ನಮ್ಮ ಗೂಡನ್ನು ಹರಾಜಿನಲ್ಲಿ ಅವನೇ ಕೂಗಿ ಕೊಳ್ಳುತ್ತಿದ್ದ. ಅವತ್ತು ಅವನೂ ಕೂಗಿರಲಿಲ್ಲ. ಡೆಲ್ಲಿಯಲ್ಲಿ ಹೊರಗಿನ ರೇಷ್ಮೆಯ ಮೇಲಿನ ಸುಂಕ ಇಳಿಸಿದ್ದಾರೆ, ಚೀನಾದ ನೂಲು ಹಡಗಿನಲ್ಲಿ ಬಂದು ಬಿದ್ದಿದೆ, ನೇಯುವವರೆಲ್ಲ ಅದನ್ನೇ ಕೇಳುತ್ತಿದ್ದಾರೆ, ತನ್ನ ನೂಲು ಅಟ್ಟದ ಮೇಲೆ ಹಾಗೇ ಕೂತಿದೆ ಎಂದು ಅವನು ಜಗಲಿಯಲ್ಲಿ ಕೂತು ನಿಧಾನವಾಗಿ ವಿವರಿಸಿದ. ಚೀನಾ ಎಲ್ಲಿದೆ ಎಂದು ಅವ್ವ ಕೇಳಿದಳು. ಅಪ್ಪ ಚೀಲಗಳನ್ನು ಇಳಿಸಲು ಹೋದ.

ಗೂಡಿಗೆ ಕಾಯುವ ವ್ಯವಧಾನ ಇಲ್ಲ. ಹುಳ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಒಳಗೆ ಚಿಟ್ಟೆಯಾಗಿ, ತೂತು ಕೊರೆದು ಹೊರಗೆ ಬಂದುಬಿಡುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ. ಖಾದರ್ ಮಾಮ ಅದಕ್ಕೇ ಬಂದಿದ್ದ. ತನ್ನ ಶೆಡ್ಡಿಗೆ ತಂದರೆ ಉಗಿ ಕೊಟ್ಟು ಒಳಗಿನ ಹುಳ ಸಾಯಿಸಿ ಇಡುತ್ತೇನೆ, ಗೂಡು ತಿಂಗಳುಗಟ್ಟಲೆ ಕೆಡುವುದಿಲ್ಲ, ಕಾಲ ಬಂದಾಗ ನೂಲು ತೆಗೆದರಾಯಿತು ಅಂದ. ಅಪ್ಪ ಒಪ್ಪಿದ್ದ. ಅವ್ವ ಒಪ್ಪಲಿಲ್ಲ. ಮಾರಿದ ಮೇಲೆ ಕೊಂಡವರು ಏನು ಮಾಡುತ್ತಾರೋ ಅದು ಅವರದು; ಮಾರುವ ತನಕ ಗೂಡು ಜೀವಂತವಿರಬೇಕು. ಅದು ಅವಳು ಬದುಕಿಡೀ ನಡೆಸಿಕೊಂಡು ಬಂದ ಕಟ್ಟುಪಾಡು.

"ಸೊಪ್ಪು ಹಾಕಿದ ಕೈಲಿ ಉಗಿಗೆ ಕೊಡಲ್ಲಪ್ಪ ನಾನು," ಅಂದಳು. "ಎರಡು ದಿನ ನೋಡಾಣ."

ಮರುದಿನ ಬೆಳಿಗ್ಗೆ ಪೇಪರು ತಂದೆ. ಅವ್ವ ಗೂಡಿನ ಚೀಲಗಳನ್ನು ಬಿಚ್ಚಿ, ಬಿದಿರಿನ ತಟ್ಟೆಗಳಲ್ಲಿ ಹರವುತ್ತಿದ್ದಳು. ಕೈ ನಿಲ್ಲಿಸಿ ನನ್ನ ಕಡೆ ತಿರುಗಿ "ಚದುವು ಪಾಪ" ಅಂದಳು. ರೇಷ್ಮೆಯ ಸುದ್ದಿ ಇತ್ತು. ಸುಂಕ ಮತ್ತೆ ಏರಿಸಬೇಕೆಂದು ಬೆಳೆಗಾರರು ಒತ್ತಾಯಿಸಿದ್ದಾರೆ ಎಂದಷ್ಟೇ ಇತ್ತು. ನಾನು ಅವಳ ಮುಖ ನೋಡಿದೆ. ಆ ಮುಖದಲ್ಲಿದ್ದ ಆಸೆಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಸುಂಕ ಏರಿಸ್ತಾರಂತೆ ಅವ್ವ, ಇನ್ನು ನಾಲ್ಕು ದಿನದಲ್ಲಿ ರೇಟು ಬರ್ತದಂತೆ ಎಂದು ಓದಿದೆ. ಹಿತಕಿದಬೇಳೆಯ ಆಸೆಯೂ ಅದರಲ್ಲಿ ಸ್ವಲ್ಪ ಇತ್ತು. ಈಗ ಸುಳ್ಳು ಹೇಳುವುದಿಲ್ಲ.

ಅಪ್ಪ ಸಿಕ್ಕಿದ ರೇಟಿಗೇ ಹಾಕಿ ಬರುತ್ತೇನೆ ಎಂದು ಹೊರಟು ನಿಂತ. ಇನ್ನು ನಾಲ್ಕು ದಿನಕ್ಕೆ ರೇಟು ಬರ್ತದೆ, ಬೇಡ ಎಂದಳು ಅವ್ವ. ಮನೆಯಲ್ಲಿ ಅವಳು ಬೇಡ ಅಂದದ್ದನ್ನು ಅಲ್ಲಿಯವರೆಗೆ ಯಾರೂ ಮಾಡಿದವರಿಲ್ಲ. ಆ ನಾಲ್ಕು ದಿನವೂ ನಾನು ಪೇಪರಿನಲ್ಲಿ ಹುಡುಕಿದೆ. ನಾನು ಹೇಳಿದ ಸಾಲು ಎಲ್ಲೂ ಬರಲಿಲ್ಲ. ಅವ್ವನಿಗೆ ಮಳೆಯ ಸುದ್ದಿ ಓದಿ ಸ್ಕೂಲಿಗೆ ಓಡಿಹೋಗುತ್ತಿದ್ದೆ.

ಐದನೆಯ ಬೆಳಿಗ್ಗೆ ಹುಳದ ಮನೆಯ ಬಾಗಿಲು ತೆಗೆದಾಗ ಒಳಗೆಲ್ಲ ಬಿಳಿ. ತಟ್ಟೆಗಳ ಮೇಲೆ, ಗೋಡೆಯ ಮೇಲೆ, ಅವ್ವನ ಹಳೆಯ ಕಂಬಳಿಯ ಮೇಲೆ ಚಿಟ್ಟೆಗಳು. ಹಾರಲು ಬಾರದೆ ರೆಕ್ಕೆ ಪಟಪಟ ಬಡಿಯುತ್ತಿದ್ದವು. ಗೂಡುಗಳ ಮೇಲೆ ಕೆಂಚು ಕಲೆ. ನಾನು ಅದುವರೆಗೆ ನಮ್ಮ ಹುಳುವಿನ ಚಿಟ್ಟೆಯನ್ನೇ ಕಂಡಿರಲಿಲ್ಲ. ತುಂಬಾ ಚೆಂದ ಕಂಡವು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಬಾಗಿಲ ಹಿಂದೆ ನಿಂತೆ.

ಅವ್ವ ಒಂದು ಹಿಡಿ ಸೊಪ್ಪು ತಂದು ಚಿಟ್ಟೆಗಳ ಮುಂದೆ ಇಟ್ಟಳು. ಅವು ಮುಟ್ಟಲಿಲ್ಲ. ಅವಕ್ಕೆ ತಿನ್ನಲು ಬಾಯಿಯೇ ಇರುವುದಿಲ್ಲ ಎಂದು ಅಪ್ಪ ಹೇಳಿದ. ಆಮೇಲೆ ತಟ್ಟೆಯೊಂದನ್ನು ನೆಲಕ್ಕೆ ಇಳಿಸಿ, ಅವ್ವನಿಗೆ ಬೆನ್ನು ಮಾಡಿ ನಿಂತೇ ಕೇಳಿದ.

"ರೇಟು ಬರ್ತದೆ ಅಂತ ನಿಂಗೆ ಯಾರಮ್ಮ ಹೇಳಿದ್ದು?"

ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೂ ಹೇಳಿಲ್ಲ ಕಣೋ," ಅಂದಳು. "ನಂಗೇ ಅನ್ನಿಸ್ತು."

ಅವತ್ತಿನಿಂದ ಮನೆಯಲ್ಲಿ ಅವ್ವನನ್ನು ಯಾವುದಕ್ಕೂ ಯಾರೂ ಕೇಳಲಿಲ್ಲ. ಯಾರೂ ಬೈಯಲೂ ಇಲ್ಲ, ಅದೇ ಹೆಚ್ಚು ನೋಯಿಸುತ್ತಿತ್ತು. ಅವಳೂ ಮತ್ತೆ ನನ್ನಿಂದ ಪೇಪರು ಓದಿಸಲಿಲ್ಲ. ಮಳೆಗಾಲಕ್ಕೆ ಮುಂಚೆ ಅಪ್ಪ ಹಿಪ್ಪುನೇರಳೆ ತೋಟ ಕೀಳಿಸಿ ಟೊಮೆಟೊ ಹಾಕಿದ. ಬೇರು ಕಿತ್ತ ದಿನ ಅವ್ವ ಹಿತ್ತಲಿಗೆ ಬರಲಿಲ್ಲ. ಖಾದರ್ ಮಾಮ ಚರಕಗಳನ್ನು ಗುಜರಿಗೆ ಹಾಕಿ ಹಣ್ಣಿನ ಗಾಡಿ ಇಟ್ಟ. ನಮ್ಮನ್ನು ಕಂಡರೆ ಒಂದು ಸೀಬೆಹಣ್ಣು ಕೈಗಿಟ್ಟು ಅಮ್ಮ ಹೇಗಿದ್ದಾರೆ ಎಂದು ಅವ್ವನ ಬಗ್ಗೆ ವಿಚಾರಿಸುತ್ತಿದ್ದ.

ಅವ್ವ ಹಾಸಿಗೆ ಹಿಡಿದ ವರ್ಷ ನಾನು ಕಾಲೇಜಿನಲ್ಲಿದ್ದೆ. ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತಾ ಧೈರ್ಯ ಮಾಡಿದೆ. ಅವತ್ತು ಪೇಪರಿನಲ್ಲಿ ಹಾಗೆ ಬರೆದಿರಲಿಲ್ಲ ಅವ್ವ, ನಾನೇ ಹೇಳಿದ್ದು ಅಂದೆ.

"ಗೊತ್ತು ಪಾಪ," ಅಂದಳು. "ದಿನಾ ನೀನು ಪೇಪರ್ ನೋಡ್ಕೊಂಡು ಓದ್ತಿದ್ದೆ. ಅವತ್ತು ನನ್ ಮುಖ ನೋಡ್ಕೊಂಡು ಓದ್ದೆ."

ಮತ್ತೆ ಯಾಕೆ ಕಾದೆ ಎಂದು ಕೇಳಿದೆ.

"ನಂಗೂ ಅದೇ ಬೇಕಾಗಿತ್ತು ಕಣೇ."

ಈಗ ನಾನು ಮಾಲೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಲೋಕದ ಸುದ್ದಿ ಬಸ್ಸಿಗೆ ಕಾಯುವುದಿಲ್ಲ. ಎಲ್ಲೋ ಯುದ್ಧವಾದರೆ ಗೊಬ್ಬರ ಸಿಗುವುದಿಲ್ಲ, ಯಾವುದೋ ದೇಶದಲ್ಲಿ ಸರ್ಕಾರ ಬಿದ್ದು ಗಡಿ ಮುಚ್ಚಿದರೆ ನಮ್ಮ ಟೊಮೆಟೊ ಲಾರಿ ಅಲ್ಲೇ ನಿಂತು, ಹಣ್ಣು ಕೊಳೆತು ಸೋರುತ್ತದೆ. ಅಂಥ ದಿನ ಅಪ್ಪ ಫೋನು ಮಾಡುತ್ತಾನೆ. ಗಡಿ ತೆಗೀತಾರಂತೇನಮ್ಮ ಎಂದು ಕೇಳುತ್ತಾನೆ. ನಾನು ಸುದ್ದಿಯನ್ನು ಕೊನೆಯ ಸಾಲಿನವರೆಗೆ ಓದಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಇನ್ನೂ ಇಲ್ಲಪ್ಪ ಅನ್ನುತ್ತೇನೆ. ಅವನು ಸರಿ ಎಂದು ಫೋನಿಡುತ್ತಾನೆ.

ತೋಟ ಹೋಯಿತು, ಹುಳದ ಮನೆಯಲ್ಲಿ ಈಗ ಟೊಮೆಟೊ ಕ್ರೇಟುಗಳಿವೆ, ಒಗ್ಗರಣೆಯನ್ನು ಯಾವ ದಿನ ಬೇಕಾದರೂ ಹಾಕಬಹುದು. ಅವೆಲ್ಲ ಹೋದದ್ದಕ್ಕೆ ಲೆಕ್ಕ ಹೇಳಬಲ್ಲೆ. ಸುಳ್ಳೆಂದು ಗೊತ್ತಿದ್ದೂ ನನ್ನನ್ನು ನಂಬಿ, ಆಮೇಲೆ ಆ ಸುಳ್ಳನ್ನು ತನ್ನದೆಂದು ಎಲ್ಲರ ಮುಂದೆ ಒಪ್ಪಿಕೊಂಡವಳು ಒಬ್ಬಳೇ ಇದ್ದಳು. ಅವಳಿಗೆ ನಾನು ಇನ್ನೊಂದು ದಿನದ ಪೇಪರನ್ನಾದರೂ ನೆಟ್ಟಗೆ ಓದಿ ಹೇಳಬೇಕಿತ್ತು.