ಹಿಮಕ್ಕೆ ಫಸ್ಟ್ ಕ್ಲಾಸ್

ಐದಕ್ಕೆ ಮೂರು ಅಂದರೆ ನೂರಕ್ಕೆ ಅರವತ್ತು, ಅಂದರೆ ಫಸ್ಟ್ ಕ್ಲಾಸ್. ಈ ಲೆಕ್ಕ ಹಾಕಿಯೇ ನಾನೊಮ್ಮೆ ಇಬ್ಬರನ್ನು ಹಿಮಕುಸಿತದ ಬಾಯಿಗೆ ನೂಕಿದ್ದೆ. ಇಬ್ಬರಲ್ಲಿ ಒಬ್ಬ ನಾನೇ ಆದ್ದರಿಂದ ಅರ್ಧ ತಪ್ಪು ಮಾಫಿ ಎಂದುಕೊಂಡಿದ್ದೇನೆ.

ಜರ್ಮನಿಯೂ ಅಮೆರಿಕದಂತೆ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ; ಅದನ್ನು ಹಿಡಿದು ಜರ್ಮನಿಗೆ ಬಂದ ಮೊದಲ ಚಳಿಗಾಲ. ಶ್ವೀಬರ್ಡಿಂಗೆನ್ ಎಂಬ ಊರಿನ ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಧಾರವಾಡದ ಹಿರಿಯ ಎಂಜಿನಿಯರೊಬ್ಬರಿದ್ದರು. ನನ್ನ ಪಾಲಿಗೆ ಅಣ್ಣ. ಶನಿವಾರ ಬಂತೆಂದರೆ ಆಲ್ಪ್ಸ್‌ಗೆ ಹೋಗಿ, ದಾರಿಯೇ ಇಲ್ಲದ ಹಿಮದ ಇಳಿಜಾರು ಹತ್ತುವ ಹುಚ್ಚು ಅವರಿಗೆ. ನನ್ನನ್ನೂ ಕರೆದರು. ವಹಿಸಿದ್ದು ಒಂದೇ ಕೆಲಸ: ಬೆಳಿಗ್ಗೆ ಹಿಮಕುಸಿತದ ಮುನ್ಸೂಚನೆಯ ನಂಬರಿಗೆ ಫೋನ್ ಮಾಡಿ, ಟೇಪಿನಲ್ಲಿ ಬಂದದ್ದನ್ನು ಕೇಳಿ ಹೇಳುವುದು.

ಟೇಪಿನ ಹೆಂಗಸು ಐದರಲ್ಲಿ ಮೂರು ಎಂದಳು. ಅದು ಅಪಾಯದ ಮಟ್ಟ. ನಾನು ಅದನ್ನು ಹಿಮಕ್ಕೆ ಬಂದ ಮಾರ್ಕ್ಸ್ ಎಂದುಕೊಂಡೆ. ಮಾರ್ಕ್ಸ್ ಕಾರ್ಡು ಲ್ಯಾಮಿನೇಟ್ ಮಾಡಿಸಿಕೊಂಡು ವಿಮಾನ ಹತ್ತಿದ ಪೀಳಿಗೆ ನಮ್ಮದು. ಅರವತ್ತು ಬಂದವರನ್ನು ಅನುಮಾನಿಸುವುದು ನಮ್ಮಲ್ಲಿಲ್ಲ. ಅವಳು ಗಾಳಿ, ಹಳೆ ಹಿಮ, ಹೊಸ ಹಿಮ ಎಂದು ಮುಂದುವರಿಸಿದಳು. ರಿಸಲ್ಟ್ ಬಂದ ಮೇಲೆ ಥಿಯರಿ ಯಾಕೆಂದು ಫೋನ್ ಇಟ್ಟೆ.

"ಫೋನಿನ್ಯಾಕಿ ಏನಂದ್ಳಪಾ?" ಅಣ್ಣ ಕಾರು ಓಡಿಸುತ್ತ ಕೇಳಿದರು.

"ಸೂಪರ್ ಅಣ್ಣಾ. ಕಣ್ಮುಚ್ಕೊಂಡು ಹತ್ಬಹುದು."

ಇಳಿಜಾರಿನ ನಡುವೆ ಕಾಲಡಿ ಧುಮ್ ಎಂದಿತು. ಬೆಳಗಿನ ಉಪ್ಪಿಟ್ಟಿನ ಕೆಲಸವೆಂದು ನಾನು ನಾಚಿಕೊಳ್ಳುವಷ್ಟರಲ್ಲಿ, ಮೇಲೆ ಹಿಮದ ಉದ್ದಕ್ಕೂ ಬಿರುಕು ಬಿಟ್ಟಿತು.

"ಬಂದ ಹೆಜ್ಜಿ ಮ್ಯಾಲೆ ಸಾವಕಾಶ ವಾಪಸ್ ನಡಿ. ಆ ಗಿಡದ ತನಾ ಹೋಗಿ ನಿಂದ್ರು. ಆಮ್ಯಾಲೆ ನಾ ಬರ್ತೇನಿ."

"ಒಟ್ಗೇ ಹೋಗೋಣ ಅಣ್ಣಾ."

"ಒಬ್ಬಾಂವ ಮುಚ್ಚಿಹೋದ್ರ ಅಗಿಲಿಕ್ಕೆ ಇನ್ನೊಬ್ಬಾಂವ ಬೇಕಲ್ಲೋ."

ನಾನು ಹೋದೆ. ಅವರು ಆ ಬಿರುಕಿನ ಕೆಳಗೆ ಅಲ್ಲಾಡದೆ ನಿಂತಿದ್ದರು. ನಾನು ಮರ ತಲುಪಿದ ಮೇಲಷ್ಟೇ ಹೊರಟರು. ನನಗೆ ಗೊತ್ತಿದ್ದ ದೇವರೆಲ್ಲ ಅವತ್ತು ಓವರ್‌ಟೈಮ್ ಮಾಡಿದರು.

ಮರದ ಹತ್ತಿರ ಬಂದು ಅಣ್ಣ ಸಲಿಕೆಯಿಂದ ಹಿಮ ಅಗೆದು ತೋರಿಸಿದರು. ಮೇಲೆ ಗಟ್ಟಿ ಪದರ, ಅಡಿಯಲ್ಲಿ ಅಂಟದ ಹರಳು.

"ಮ್ಯಾಲೆ ಕಟಕ್ ರೊಟ್ಟಿ, ಕೆಳಗ ಸಕ್ರಿ. ಜಾರದ ಏನ್ ಮಾಡೀತು? ಆಕಿ ಹೇಳಲಿಲ್ಲೇನು?"

"ಮೂರು ಅಂದ್ಲು ಅಣ್ಣಾ. ಐದಕ್ಕೆ ಮೂರು, ಫಸ್ಟ್ ಕ್ಲಾಸ್ ಅಲ್ವಾ?"

ಅಣ್ಣ ಸಲಿಕೆಯನ್ನು ಚೀಲಕ್ಕೆ ಸಿಕ್ಕಿಸಿಕೊಂಡು ಕಾರಿನವರೆಗೆ ಇಳಿದರು. ಬೂಟು ಬಿಚ್ಚುತ್ತ ಅಂದರು:

"ನಾಕು, ಐದು ಅಂದ ದಿನಾ ಮಂದಿ ಹೆದರಿ ಮನ್ಯಾಗ ಕುಂದರ್ತಾರ. ಭಾಳ ಮಾಡಿ ಸಾಯೋದು ಮೂರು ಅಂದ ದಿನಾನ. ನಿನ್ನಂಥ ಫಸ್ಟ್ ಕ್ಲಾಸಿನವ್ರು."